ಕಲ್ಲೂ ನೀರು ಕುಡಿಯುತ್ತದೆ

ಗ್ರಾನೈಟ್‌ಗೆ ಏನೂ ಆಗದು ಎಂಬ ನಂಬಿಕೆಯೇ ಅಡುಗೆ ಕಟ್ಟೆಯ ಮೊದಲ ಶತ್ರು. ಅರಿಶಿನ, ಎಣ್ಣೆ, ಆ್ಯಸಿಡ್ ಮೂರರಿಂದಲೂ ಅದನ್ನು ಕಾಪಾಡಬಹುದು, ಅದೂ ಸುಲಭವಾಗಿ. ಸೀಲರ್ ಬಾಟಲಿಗೆ ದುಡ್ಡು ಕೊಡುವ ಮೊದಲು ಒಂದು ಚಮಚ ನೀರು ಸುರಿದು ನಿಮ್ಮ ಕಲ್ಲನ್ನೇ ಕೇಳಿ!

ಬೆಳಗಿನ ಜಾವ. ಬಾಗಿಲಲ್ಲಿ ಮಾವಿನ ತೋರಣ, ಹಾಲ್ ತುಂಬ ಹೋಮದ ಹೊಗೆ. ಪುರೋಹಿತರು ‘ಹಾಲು ಉಕ್ಕಿಸಿ’ ಎಂದ ಕೂಡಲೇ ಮನೆಯ ಹೆಂಗಸರೆಲ್ಲ ಅಡುಗೆಮನೆ ಸೇರುತ್ತಾರೆ. ಹಿಂದಿನ ಸಂಜೆಯಷ್ಟೇ ಒರೆಸಿಟ್ಟ ಬಿಳಿ ಗ್ರಾನೈಟ್ ಕಟ್ಟೆ ಮಿರಮಿರ ಮಿಂಚುತ್ತಿದೆ. ಒಲೆಗೆ ಪೂಜೆಯಾಗುತ್ತದೆ. ಕಟ್ಟೆಗೂ ಮೂರು ಕಡೆ ಅರಿಶಿನ, ಕುಂಕುಮ, ಮೇಲೊಂದು ಹೂವು. ಹಾಲು ಉಕ್ಕಿ ಪಾತ್ರೆಯ ಅಂಚಿನಿಂದ ಇಳಿಯುತ್ತದೆ, ಕುಂಕುಮವನ್ನು ಕಲಸಿಕೊಂಡು ಕಟ್ಟೆಯ ಮೇಲೆ ಹರಿಯುತ್ತದೆ. ಎಲ್ಲರ ಮುಖದಲ್ಲೂ ಸಂತೋಷ.

ಊಟ ಮುಗಿದು, ನೆಂಟರೆಲ್ಲ ಹೊರಟು, ಕಟ್ಟೆಗೆ ಬಟ್ಟೆ ಹಿಡಿಯುವ ಹೊತ್ತಿಗೆ ಮಾರನೆಯ ದಿನದ ಬೆಳಿಗ್ಗೆ.

‘ಅತ್ತೆ, ಎಷ್ಟು ಉಜ್ಜಿದ್ರೂ ಹೋಗ್ತಿಲ್ಲ.’

‘ಕಲ್ಲಲ್ವೇನಮ್ಮ? ನಾಕು ಸಲ ಒರೆಸಿದ್ರೆ ಹೋಗುತ್ತೆ ಬಿಡು.’

ಹೋಗುವುದಿಲ್ಲ. ಹಾಲಿನ ಜಿಡ್ಡು ಹೋಗಿರುತ್ತದೆ, ಬೊಟ್ಟಿಟ್ಟ ಜಾಗದಲ್ಲಿ ಹಳದಿ–ಕೆಂಪು ನೆರಳು ಉಳಿದಿರುತ್ತದೆ. ಚೈತ್ರ–ವೈಶಾಖದ ಗೃಹಪ್ರವೇಶಗಳ ಕಾಲದಲ್ಲಿ ಇದು ಮನೆಮನೆಯ ಕಥೆ. ಲಕ್ಷಗಟ್ಟಲೆ ಸುರಿದು ಕಟ್ಟಿದ ಮನೆಯ ಮೊದಲ ಕಲೆ ಬೀಳುವುದು ಮೊದಲ ದಿನವೇ, ಗಟ್ಟಿ ಎಂದು ಎಲ್ಲರೂ ನಂಬಿದ ಕಲ್ಲಿನ ಮೇಲೆಯೇ.

ಹರಳುಗಳ ನಡುವಿನ ದಾರಿ

ಗ್ರಾನೈಟ್ ಗಟ್ಟಿ ಎನ್ನುವುದು ನಿಜ. ಭೂಮಿಯ ಆಳದಲ್ಲಿ ಶಿಲಾಪಾಕ ನಿಧಾನವಾಗಿ ತಣಿದು ಹುಟ್ಟಿದ ಕಲ್ಲು ಅದು. ಅದರಲ್ಲಿ ಮುಖ್ಯವಾಗಿ ಇರುವುದು ಕ್ವಾರ್ಟ್ಜ್, ಫೆಲ್ಡ್‌ಸ್ಪಾರ್ ಮತ್ತು ಅಭ್ರಕ. ಮೋಹ್ಸ್ ಗಡಸುತನದ ಮಾಪಕದಲ್ಲಿ ಕ್ವಾರ್ಟ್ಜ್‌ಗೆ 7, ಫೆಲ್ಡ್‌ಸ್ಪಾರ್‌ಗೆ 6. ಅಡುಗೆಮನೆಯ ಉಕ್ಕಿನ ಚಾಕುವಿಗೆ ಸುಮಾರು 5.5. ಕಟ್ಟೆಯ ಮೇಲೇ ತರಕಾರಿ ಹೆಚ್ಚಿದರೆ ಮೊಂಡಾಗುವುದು ಚಾಕು, ಸವೆಯುವುದು ಕಲ್ಲಲ್ಲ.

ಆದರೆ ಗಡಸುತನ ಬೇರೆ, ಹೀರುವ ಗುಣ ಬೇರೆ. ಹರಳು ಹರಳು ಸೇರಿ ಆದ ಕಲ್ಲಿನಲ್ಲಿ ಹರಳುಗಳ ಅಂಚಿನ ಉದ್ದಕ್ಕೂ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಎಷ್ಟೇ ಪಾಲಿಶ್ ಮಾಡಿದರೂ ಆ ಸಂದುಗಳು ಮುಚ್ಚುವುದಿಲ್ಲ. ನೀರು, ಎಣ್ಣೆ, ಬಣ್ಣ ಒಳಗಿಳಿಯುವುದು ಅಲ್ಲಿಂದಲೇ.

ಕಟ್ಟಡಕ್ಕೆ ಬಳಸುವ ಗ್ರಾನೈಟ್ ತನ್ನ ತೂಕದ ಶೇ 0.40ಕ್ಕಿಂತ ಹೆಚ್ಚು ನೀರು ಹೀರಬಾರದು ಎನ್ನುತ್ತದೆ ಎಎಸ್‌ಟಿಎಂ ಸಿ615 ಎಂಬ ಅಮೆರಿಕದ ಮಾನದಂಡ. ಅಂಕಿ ಚಿಕ್ಕದು. ಆದರೆ ಕಲೆ ಬೀಳಲು ಬೇಕಾದ ಅರಿಶಿನ ಅದಕ್ಕಿಂತಲೂ ಕಡಿಮೆ.

ರಾಮನಗರದ ಬಂಡೆಗಳನ್ನು ‘ಶೋಲೆ’ ಸಿನಿಮಾದಲ್ಲಿ ಇಡೀ ದೇಶವೇ ನೋಡಿದೆ. ಆ ಊರಿನ ಹಳೆಯ ಹೆಸರಿನಿಂದಲೇ ಭೂವಿಜ್ಞಾನಿಗಳು ಅವನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಎಂದು ಕರೆಯುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಮಳೆ ಬಿಸಿಲಿಗೆ ಜಗ್ಗದ ಆ ಬಂಡೆಗಳ ಮೈಯಲ್ಲೂ ನೀರು ಇಳಿದ ಕಪ್ಪು ಪಟ್ಟೆಗಳಿವೆ. ಕಲ್ಲು ಉಳಿಯುತ್ತದೆ, ಕಲೆಯೂ ಉಳಿಯುತ್ತದೆ. ಅಡುಗೆಮನೆಯಲ್ಲಿ ನಮಗೆ ಬೇಕಿರುವುದು ಮೊದಲನೆಯದು ಮಾತ್ರ.

ಕಲ್ಲಿನ ಆರೈಕೆ ಹೊಸದೇನಲ್ಲ

ನೆಲದ ಮೇಲಿನ ಸೌದೆ ಒಲೆ ಹೋಗಿ ನಿಂತು ಅಡುಗೆ ಮಾಡುವ ಕಟ್ಟೆ ಬಂದಾಗ ನಮ್ಮ ಮನೆಗಳಿಗೆ ಮೊದಲು ಬಂದದ್ದು ಕಡಪ ಕಲ್ಲು. ಕಲಬುರಗಿ ಕಡೆಯ ಮನೆಗಳಲ್ಲಿ ಶಹಾಬಾದ್ ಕಲ್ಲು. ಎರಡೂ ಸುಣ್ಣಕಲ್ಲಿನ ಜಾತಿಯವು. ಹುಣಸೆರಸ, ನಿಂಬೆರಸ ಬಿದ್ದ ಕಡೆ ಹುಳಿ ಕಲ್ಲನ್ನೇ ತಿಂದು ಮಂಕು ಗುರುತು ಮೂಡುತ್ತಿತ್ತು. ಗ್ರಾನೈಟ್ ಬಂದಾಗ ಜನ ಮೆಚ್ಚಿದ್ದು ಇದಕ್ಕೇ. ಹುಳಿಗೆ ಅದು ಸುಲಭಕ್ಕೆ ಜಗ್ಗುವುದಿಲ್ಲ, ಬಿಸಿಗೆ ಬಾಡುವುದಿಲ್ಲ.

ಅದೂ ನಮ್ಮದೇ ನೆಲದ ಕಲ್ಲು. ಸೀರೆಗೆ ಹೆಸರಾದ ಇಳಕಲ್ ಕೆಂಪು ಗ್ರಾನೈಟ್‌ಗೂ ಹೆಸರುವಾಸಿ. ಚಾಮರಾಜನಗರ, ಕನಕಪುರದ ಕರಿಗಲ್ಲಿಗೆ ಹೊರದೇಶದಲ್ಲೂ ಬೇಡಿಕೆ. ಬೆಂಗಳೂರಿನ ಪಕ್ಕದ ಜಿಗಣಿಯಲ್ಲಿ ಲಾರಿಯಲ್ಲಿ ಬಂದ ದೊಡ್ಡ ದಿಮ್ಮಿಗಳು ಹಲಗೆಗಳಾಗಿ ಸೀಳಿ, ಪಾಲಿಶ್ ಆಗಿ ಅಂಗಡಿ ಸೇರುತ್ತವೆ.

ಇದಕ್ಕೂ ಹಿಂದೆ ಪ್ರತಿ ಮನೆಯಲ್ಲೂ ಒರಳು ಕಲ್ಲಿತ್ತು, ಬೀಸುವ ಕಲ್ಲಿತ್ತು. ಹೊಸ ಒರಳು ಮನೆಗೆ ಬಂದರೆ ಅಜ್ಜಿಯರು ತಕ್ಷಣ ಚಟ್ನಿ ಅರೆಯುತ್ತಿರಲಿಲ್ಲ. ಅಕ್ಕಿಯನ್ನೋ ತೌಡನ್ನೋ ಹಾಕಿ, ಕಲ್ಲಿನ ಪುಡಿ ಬರುವುದು ನಿಲ್ಲುವ ತನಕ ಮತ್ತೆ ಮತ್ತೆ ರುಬ್ಬಿ ಚೆಲ್ಲುತ್ತಿದ್ದರು. ಸವೆದು ನುಣ್ಣಗಾದರೆ ಬೀದಿಯಲ್ಲಿ ಕೂಗಿಕೊಂಡು ಬರುವವರನ್ನು ಕರೆದು ಉಳಿಯಿಂದ ಕುಟ್ಟಿಸುತ್ತಿದ್ದರು. ಕಲ್ಲನ್ನು ಬಳಕೆಗೆ ಒಗ್ಗಿಸಬೇಕು, ಕಾಲಕಾಲಕ್ಕೆ ನೋಡಿಕೊಳ್ಳಬೇಕು ಎಂಬ ತಿಳಿವಳಿಕೆ ಅವರಿಗಿತ್ತು. ಒರಳಿನ ಜಾಗಕ್ಕೆ ಮಿಕ್ಸಿ ಬಂದ ಮೇಲೆ ನಾವು ಕಳೆದುಕೊಂಡದ್ದು ಆ ತಿಳಿವಳಿಕೆಯನ್ನು.

ಕರಿದೋ ಬಿಳಿದೋ?

ವ್ಯಾಪಾರದಲ್ಲಿ ಗ್ರಾನೈಟ್ ಎನಿಸಿಕೊಳ್ಳುವುದೆಲ್ಲ ಭೂವಿಜ್ಞಾನದ ಲೆಕ್ಕದಲ್ಲಿ ಗ್ರಾನೈಟ್ ಅಲ್ಲ. ಕಪ್ಪು ಕಲ್ಲುಗಳು ಬಹುತೇಕ ಡೊಲೆರೈಟ್ ಅಥವಾ ಗ್ಯಾಬ್ರೊ ಜಾತಿಯವು. ಆಂಧ್ರದ ಚೀಮಕುರ್ತಿಯಿಂದ ಬರುವ, ಒಳಗೆ ಚಿನ್ನದ ಚುಕ್ಕಿ ಮಿನುಗುವ ‘ಬ್ಲ್ಯಾಕ್ ಗ್ಯಾಲಕ್ಸಿ’ಯೂ ಇದೇ ಬಳಗದ್ದು. ಇವುಗಳ ಹರಳುಗಳು ಒತ್ತಾಗಿರುತ್ತವೆ, ತೂಕ ಹೆಚ್ಚು, ಹೀರುವ ಗುಣ ತೀರಾ ಕಡಿಮೆ. ಒಳ್ಳೆಯ ಕರಿಗಲ್ಲಿಗೆ ಸಾಮಾನ್ಯವಾಗಿ ಸೀಲರ್ ಬೇಕಾಗುವುದೇ ಇಲ್ಲ. ಹಚ್ಚಿದರೆ ಒಳಗಿಳಿಯಲು ಜಾಗವಿಲ್ಲದೆ ಮೇಲೇ ಒಣಗಿ ಮಬ್ಬು ಪೊರೆ ಕಟ್ಟುತ್ತದೆ.

ಬಿಳಿ, ತಿಳಿ ಬೂದು, ಕೆನೆ ಬಣ್ಣದ ಕಲ್ಲುಗಳ ಕಥೆ ಬೇರೆ. ಅವುಗಳಲ್ಲಿ ಹಲವು ಹೆಚ್ಚು ಹೀರುತ್ತವೆ, ಹೀರಿದ್ದು ಎದ್ದು ಕಾಣುತ್ತದೆ ಕೂಡ. ತಮಿಳುನಾಡಿನ ಗಣಿಗಳಿಂದ ಬರುವ ‘ಕಾಶ್ಮೀರ್ ವೈಟ್’ ನೋಡಲು ಬಲು ಚೆಂದ, ಎಣ್ಣೆ ಅರಿಶಿನದ ಅಡುಗೆಗೆ ಬಲು ಸೂಕ್ಷ್ಮ. ನುಣುಪು ಪಾಲಿಶ್‌ಗಿಂತ ಒರಟಾದ ಲೆದರ್ ಫಿನಿಶ್ ಕೂಡ ಜಿಡ್ಡನ್ನು ಹೆಚ್ಚು ಹಿಡಿದಿಟ್ಟುಕೊಳ್ಳುತ್ತದೆ.

ಬೂದು ಕಲ್ಲಿಗೆ ಕಪ್ಪು ಬಣ್ಣ ಕುಡಿಸಿ ಕರಿಗಲ್ಲೆಂದು ಮಾರುವುದೂ ಉಂಟು. ಬಿಳಿ ಬಟ್ಟೆಗೆ ಅಸಿಟೋನ್ ಹಾಕಿ ಹಲಗೆಯ ಮೂಲೆಯನ್ನು ಉಜ್ಜಿ. ಬಟ್ಟೆ ಕಪ್ಪಾದರೆ ಆ ಹಲಗೆ ಬೇಡ. ಅಂಗಡಿಯಲ್ಲೇ ಈ ಪರೀಕ್ಷೆ ಮಾಡಲು ಸಂಕೋಚಪಡಬೇಕಿಲ್ಲ.

> ಕಾಲು ಗಂಟೆಯ ಪರೀಕ್ಷೆ
>
> - ಕಟ್ಟೆಯನ್ನು ಒರೆಸಿ ಚೆನ್ನಾಗಿ ಒಣಗಲು ಬಿಡಿ. ರಾತ್ರಿ ಒರೆಸಿ ಬೆಳಿಗ್ಗೆ ಪರೀಕ್ಷಿಸಿದರೆ ಉತ್ತಮ.
> - ಸಿಂಕ್ ಪಕ್ಕ, ಒಲೆ ಪಕ್ಕ, ಬಳಕೆಯಿಲ್ಲದ ಮೂಲೆ, ಈ ಮೂರು ಕಡೆ ಒಂದೊಂದು ಚಮಚ ನೀರು ಹಾಕಿ.
> - ಎರಡು ಮೂರು ನಿಮಿಷದಲ್ಲೇ ನೀರಿನ ಕೆಳಗಿನ ಕಲ್ಲು ಕಪ್ಪಾದರೆ ಸೀಲಿಂಗ್ ಈಗಲೇ ಬೇಕು.
> - ಹತ್ತು ಹದಿನೈದು ನಿಮಿಷಕ್ಕೆ ತುಸು ಬಣ್ಣ ಬದಲಾದರೆ ಸದ್ಯದಲ್ಲೇ ಮಾಡಿಸಿ.
> - ನೀರು ಒರೆಸಿದ ಮೇಲೂ ಬಣ್ಣ ಬದಲಾಗದಿದ್ದರೆ ಏನೂ ಮಾಡಬೇಡಿ. ಮುಂದಿನ ವರ್ಷ ಮತ್ತೆ ಪರೀಕ್ಷಿಸಿ.

ಸೀಲರ್ ಮಾಡುವುದೇನು?

ಸೀಲರ್ ಎಂದರೆ ಹೊಳಪು ಕೊಡುವ ವಾರ್ನಿಶ್ ಎಂದೇ ಹಲವರ ಎಣಿಕೆ. ಕಲ್ಲಿನ ಮೇಲೆ ಪದರ ಕಟ್ಟುವ ಸೀಲರ್‌ಗಳೂ ಇವೆ, ನಿಜ. ಅವು ಅಡುಗೆ ಕಟ್ಟೆಗೆ ಬೇಡ. ಪಾತ್ರೆ ಎಳೆದಲ್ಲಿ ಗೀರಾಗುತ್ತವೆ, ಬಿಸಿಗೆ ಏಳುತ್ತವೆ.

ಕಟ್ಟೆಗೆ ಬೇಕಾದದ್ದು ಒಳಗಿಳಿಯುವ ಸೀಲರ್. ಅಂಗಡಿಯಲ್ಲಿ ಇದನ್ನು ‘ಇಂಪ್ರೆಗ್ನೇಟರ್’ ಎಂದೂ ‘ಪೆನಿಟ್ರೇಟಿಂಗ್ ಸೀಲರ್’ ಎಂದೂ ಕೇಳಿ. ಇದರಲ್ಲಿ ಸಿಲೇನ್, ಸಿಲಾಕ್ಸೇನ್ ಅಥವಾ ಫ್ಲೋರೋಪಾಲಿಮರ್ ಇರುತ್ತದೆ. ದ್ರವ ಹರಳುಗಳ ನಡುವೆ ಇಳಿದು, ಆರಿದ ಮೇಲೆ ಸಂದಿನ ಗೋಡೆಗೆ ಅಂಟಿ ಕೂರುತ್ತದೆ. ಮುಂದೆ ನೀರು ಬಿದ್ದರೆ ಕೆಸುವಿನ ಎಲೆಯ ಮೇಲಿನ ಹನಿಯ ಹಾಗೆ ದುಂಡಗೆ ನಿಲ್ಲುತ್ತದೆ. ಸಿಲಾಕ್ಸೇನ್ ನೀರನ್ನು ಚೆನ್ನಾಗಿ ತಡೆಯುತ್ತದೆ. ಫ್ಲೋರೋಪಾಲಿಮರ್ ಇದ್ದರೆ ಎಣ್ಣೆಯನ್ನೂ ತಡೆಯುತ್ತದೆ. ಒಗ್ಗರಣೆಯಿಲ್ಲದೆ ಅಡುಗೆ ಮುಗಿಯದ ನಮ್ಮ ಮನೆಗಳಿಗೆ ಸರಿ ಎರಡನೆಯದೇ. ಆಹಾರ ತಗುಲುವ ಜಾಗಕ್ಕೆ ಬಳಸಬಹುದು ಎಂದು ಡಬ್ಬಿಯ ಮೇಲೆ ಇದೆಯೇ ಎಂಬುದನ್ನೂ ನೋಡಿ.

ಸೀಲರ್ ಕಲೆಯನ್ನು ಎಂದೆಂದಿಗೂ ತಡೆಯುವುದಿಲ್ಲ. ಒರೆಸಲು ಸಮಯ ಕೊಡುತ್ತದೆ. ತಕ್ಷಣ ಇಳಿಯಬಹುದಾಗಿದ್ದ ಎಣ್ಣೆಯನ್ನು ನೀವು ಬಟ್ಟೆ ತರುವ ತನಕ ಮೇಲೇ ನಿಲ್ಲಿಸುತ್ತದೆ. ರಾತ್ರಿಯಿಡೀ ಉಪ್ಪಿನಕಾಯಿ ಎಣ್ಣೆ ನಿಂತರೆ ಯಾವ ಸೀಲರ್ ಕೂಡ ಹೊಣೆಯಲ್ಲ.

ಹಚ್ಚುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರ ಸಲ್ಲದು. ಮೊದಲು ಕಟ್ಟೆಯ ಜಿಡ್ಡು ತೆಗೆದು ಒಂದು ಇಡೀ ದಿನ ಒಣಗಲು ಬಿಡಬೇಕು. ಹೊಸ ಕಟ್ಟೆಯಾದರೆ ಅಡಿಯ ಸಿಮೆಂಟ್ ಗಾರೆ ಪೂರ್ತಿ ಆರಬೇಕು. ಕಲ್ಲಿನಲ್ಲಿ ತೇವದ ಮೋಡ ಕಾಣುತ್ತಿದ್ದರೆ ಇನ್ನೂ ಕಾಯಬೇಕು ಎಂದರ್ಥ. ನೀರು ತುಂಬಿದ ಸಂದಿಗೆ ಸೀಲರ್ ಇಳಿಯುವುದಿಲ್ಲ.

ಕೈಪಳಗಿದ ಕೆಲಸಗಾರ ಇಡೀ ಕಟ್ಟೆಗೆ ಒಮ್ಮೆಲೇ ಸುರಿಯುವುದಿಲ್ಲ. ಎರಡಡಿ ಜಾಗ ಗೊತ್ತುಮಾಡಿಕೊಂಡು ಹತ್ತಿ ಬಟ್ಟೆಯಿಂದ ಹಚ್ಚುತ್ತಾನೆ, ಹೀರುವ ಜಾಗಕ್ಕೆ ಇನ್ನಷ್ಟು ಕೊಡುತ್ತಾನೆ. ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು, ಸಾಮಾನ್ಯವಾಗಿ ಐದರಿಂದ ಹದಿನೈದು ನಿಮಿಷ, ಕಾಯುತ್ತಾನೆ. ಆಮೇಲಿನದೇ ಮುಖ್ಯ ಕೆಲಸ. ಮೇಲೆ ಉಳಿದದ್ದು ಆರುವ ಮೊದಲೇ ಒಣಬಟ್ಟೆಯಿಂದ ಪೂರ್ತಿ ಒರೆಸುತ್ತಾನೆ. ತಲೆ ಬಗ್ಗಿಸಿ ಕಿಟಕಿಯ ಬೆಳಕಿಗೆ ಓರೆಯಾಗಿ ನೋಡುತ್ತಾನೆ. ಎಲ್ಲಿ ಮಬ್ಬು ಕಂಡರೂ ಮತ್ತೆ ಒರೆಸುತ್ತಾನೆ. ಹೀರುವ ಕಲ್ಲಿಗೆ ಎರಡನೆಯ ಕೈ ಬೇಕು. ಅದಾದ ಮೇಲೆ ಒಂದು ದಿನ ಕಟ್ಟೆಗೆ ನೀರು ಸೋಕಬಾರದು.

ಎಷ್ಟು ವರ್ಷಕ್ಕೊಮ್ಮೆ ಹಚ್ಚಬೇಕು ಎಂಬ ಪ್ರಶ್ನೆಗೆ ಎಲ್ಲ ಕಲ್ಲಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಕಲ್ಲು, ಸೀಲರ್, ಬಳಕೆ ಮೂರೂ ಮನೆಯಿಂದ ಮನೆಗೆ ಬೇರೆ. ವರ್ಷಕ್ಕೊಮ್ಮೆ ನೀರಿನ ಪರೀಕ್ಷೆ ಮಾಡಿ, ಅದು ಹೇಳಿದಂತೆ ನಡೆಯಿರಿ.

ನಿತ್ಯದ ಒರೆಸುಬಟ್ಟೆ

ಕಟ್ಟೆಯ ಆಯಸ್ಸು ನಿಂತಿರುವುದು ಮುಖ್ಯವಾಗಿ ದಿನದ ಒರೆಸುಬಟ್ಟೆಯ ಮೇಲೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಉಗುರುಬೆಚ್ಚಗಿನ ನೀರು, ಮೆತ್ತನೆ ಬಟ್ಟೆ. ಸೋಪಿನಿಂದ ಒರೆಸಿದ ಮೇಲೆ ಬರಿ ನೀರಿನ ಬಟ್ಟೆ, ಕೊನೆಗೆ ಒಣಬಟ್ಟೆ. ಈ ಕೊನೆಯ ಎರಡನ್ನು ಬಿಟ್ಟಲ್ಲಿ ಸೋಪಿನ ಪೊರೆ ದಿನದಿನಕ್ಕೆ ಕೂತು ಹೊಳಪು ಮಂಕಾಗುತ್ತದೆ. ಪಾಲಿಶ್ ಹೋಯಿತು ಎಂದು ಕೊರಗುವ ಎಷ್ಟೋ ಮನೆಗಳಲ್ಲಿ ಹೋಗಿರುವುದು ಪಾಲಿಶ್ ಅಲ್ಲ, ಕೂತಿರುವುದು ಸೋಪು.

ಬೋರ್‌ವೆಲ್ ನೀರು ಬರುವ ಮನೆಗಳಲ್ಲಿ ನಲ್ಲಿಯ ಬುಡದ ಬಿಳಿ ಪೊರೆ ಇನ್ನೊಂದು ಕಾಟ. ಅದು ಗಡಸು ನೀರು ಆರಿದಾಗ ಉಳಿಯುವ ಸುಣ್ಣ. ಆ್ಯಸಿಡ್ ಹಾಕಲು ಕೈ ಹೋಗುವುದು ಇಲ್ಲೇ. ಬೇಡ. ಹೊಸ ಬ್ಲೇಡನ್ನು ಪಾಲಿಶ್ ಆದ ಕಲ್ಲಿನ ಮೇಲೆ ಮಲಗಿಸಿದಂತೆ ಹಿಡಿದು ಮೆಲ್ಲಗೆ ಕೆರೆದರೆ ಸುಣ್ಣ ಏಳುತ್ತದೆ. ಕಲ್ಲು ಉಕ್ಕಿಗಿಂತ ಗಡಸು, ಗೀರು ಬೀಳುವುದಿಲ್ಲ. ಆಮೇಲೆ ಸಿಂಕ್ ಸುತ್ತ ನೀರು ನಿಲ್ಲದಂತೆ ನೋಡಿಕೊಂಡರೆ ಸಾಕು.

ಆ್ಯಸಿಡ್ ಬಗ್ಗೆ ಒತ್ತಿ ಹೇಳಲೇಬೇಕು. ಕಟ್ಟಡದ ಕೆಲಸ ಮುಗಿದಾಗ ಸಿಮೆಂಟ್ ಕಲೆ ತೆಗೆಯಲು ಇಡೀ ಮನೆಗೆ ಆ್ಯಸಿಡ್ ಹಾಕಿ ತೊಳೆಯುವ ರೂಢಿ ನಮ್ಮಲ್ಲಿದೆ. ಬಿಳಿ ಗ್ರಾನೈಟ್‌ನೊಳಗೆ ಕಬ್ಬಿಣದ ಅಂಶವಿರುವ ಅಭ್ರಕದಂಥ ಖನಿಜಗಳಿರುತ್ತವೆ. ಆ್ಯಸಿಡ್ ಅವನ್ನು ಕೆಣಕಿದರೆ ಕಲ್ಲು ಒಳಗಿನಿಂದಲೇ ತುಕ್ಕು ಹಳದಿಗೆ ತಿರುಗುತ್ತದೆ. ಅದನ್ನು ಒರೆಸಿ ತೆಗೆಯಲಾಗದು. ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲಿರುವ ಹೈಡ್ರೋಫ್ಲೋರಿಕ್ ಆ್ಯಸಿಡ್ ಇನ್ನೂ ಕೆಟ್ಟದ್ದು. ಅದು ಗ್ರಾನೈಟ್‌ನ ಹರಳನ್ನೇ ಕರಗಿಸುತ್ತದೆ, ಮನುಷ್ಯರ ಚರ್ಮಕ್ಕೂ ಅಪಾಯಕಾರಿ. ಮೇಸ್ತ್ರಿಗೆ ಮೊದಲ ದಿನವೇ ಸ್ಪಷ್ಟವಾಗಿ ಹೇಳಿ: ಗ್ರಾನೈಟ್ ಇರುವ ಕಡೆ ಆ್ಯಸಿಡ್ ಹಾಕುವಂತಿಲ್ಲ.

ಹೊಳಪಿಗೆಂದು ಕರಿಗಲ್ಲಿಗೆ ಕೊಬ್ಬರಿ ಎಣ್ಣೆ ಸವರುವುದೂ ಬೇಡ. ಒಂದು ದಿನ ಮಿಂಚುತ್ತದೆ, ಮರುದಿನದಿಂದ ದೂಳು ಹಿಡಿದು ಜಿಗುಟಾಗುತ್ತದೆ.

> ಯಾವ ಕಲೆಗೆ ಯಾವ ಲೇಪ?
>
> ಕಲೆಯನ್ನು ತಿಕ್ಕಿ ತೆಗೆಯಲಾಗದು, ಹೀರಿ ತೆಗೆಯಬೇಕು. ಲೇಪವನ್ನು ದೋಸೆಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಕಾಲಿಂಚು ದಪ್ಪ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಾಕಿ. ಒಂದು ದಿನದ ಮೇಲೆ ಹಾಳೆ ತೆಗೆದು ಒಣಗಲು ಬಿಡಿ, ನಂತರ ಕೆರೆದು ತೊಳೆಯಿರಿ. ಎರಡು ಮೂರು ಸಲ ಬೇಕಾಗಬಹುದು.
>
> - ಎಣ್ಣೆ, ತುಪ್ಪ: ಅಡುಗೆ ಸೋಡಾ ಮತ್ತು ನೀರು. ಹೋಗದಿದ್ದರೆ ನೀರಿನ ಬದಲು ಅಸಿಟೋನ್. ಅದು ಬೇಗ ಹೊತ್ತಿಕೊಳ್ಳುತ್ತದೆ. ಒಲೆ ಆರಿಸಿ, ಸಿಲಿಂಡರ್ ಬಂದ್ ಮಾಡಿ, ಕಿಟಕಿ ತೆರೆದಿಡಿ.
> - ಅರಿಶಿನ, ಕಾಫಿ, ಚಹಾ: ಅಡುಗೆ ಸೋಡಾ ಮತ್ತು ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. ತಿಳಿಬಣ್ಣದ ಕಲ್ಲಿಗೆ ಮಾತ್ರ. ಕಪ್ಪು ಕಲ್ಲಿನ ಬಣ್ಣ ಇಳಿಯಬಹುದು.
> - ಕುಂಕುಮ: ಅರಿಶಿನದ್ದೇ ಮದ್ದು. ಕೃತಕ ಬಣ್ಣ ಸೇರಿದ ಕುಂಕುಮದ ಕಲೆ ಪೂರ್ತಿ ಹೋಗದೇ ಇರಬಹುದು.
> - ಮೊದಲು ಮೂಲೆಯಲ್ಲಿ ಪರೀಕ್ಷಿಸಿ. ಲೇಪ ಹಾಕಿದ ಜಾಗಕ್ಕೆ ಮತ್ತೆ ಸೀಲರ್ ಬೇಕು.

ಅರಿಶಿನದ ಬಗ್ಗೆ ಇನ್ನೊಂದು ಸಂಗತಿ. ಅದರ ಬಣ್ಣ ಕರ್ಕ್ಯುಮಿನ್‌ನದ್ದು. ಕ್ಷಾರ ತಗುಲಿದರೆ ಅದು ಕೆಂಪಾಗುತ್ತದೆ. ಅರಿಶಿನಕ್ಕೆ ಸುಣ್ಣ ಬೆರೆಸಿ ಕುಂಕುಮ ಮಾಡುವುದು ಈ ಗುಣದಿಂದಲೇ. ಹಾಗಾಗಿ ಹಳದಿ ಕಲೆಗೆ ಸೋಪು ಹಾಕಿದಾಗ ಕೆಂಪಾದರೆ ಗಾಬರಿ ಬೇಡ. ಕರ್ಕ್ಯುಮಿನ್‌ಗೆ ಬಿಸಿಲನ್ನು ತಾಳುವ ಶಕ್ತಿಯೂ ಇಲ್ಲ. ಕಿಟಕಿಯಿಂದ ನೇರ ಬಿಸಿಲು ಬೀಳುವ ಜಾಗದಲ್ಲಿ ಕಲೆ ತಾನಾಗಿ ಮಾಸುತ್ತಾ ಬರುತ್ತದೆ.

ಗೃಹಪ್ರವೇಶದಲ್ಲಿ ಈ ತಾಪತ್ರಯವನ್ನೇ ತಪ್ಪಿಸಬಹುದು. ಕಟ್ಟೆ ಆರಲು ಸಮಯ ಬಿಟ್ಟು, ಮುಹೂರ್ತಕ್ಕೆ ಎರಡು ಮೂರು ದಿನ ಮೊದಲೇ ಸೀಲಿಂಗ್ ಮುಗಿಸಿ. ಆಗದಿದ್ದರೆ ಬಾಳೆ ಎಲೆಯ ತುಂಡು ಹಾಸಿ ಅದರ ಮೇಲೆ ಅರಿಶಿನ–ಕುಂಕುಮ ಇಡಿ. ಶಾಸ್ತ್ರವೂ ಆಯಿತು, ಕಲ್ಲೂ ಉಳಿಯಿತು.

ಸೀಳು ಬೀಳುವ ಜಾಗ

ಕಲೆಗಾದರೂ ಮದ್ದಿದೆ, ಸೀಳಿಗೆ ಇಲ್ಲ. ಸಿಂಕ್ ಮತ್ತು ಒಲೆಗೆಂದು ಕತ್ತರಿಸಿದ ಜಾಗದ ಹಿಂದೆ–ಮುಂದೆ ಕಲ್ಲು ಕಿರಿದಾದ ಪಟ್ಟಿಯಷ್ಟೇ ಉಳಿದಿರುತ್ತದೆ. ಕಟ್ಟೆ ಬಿರುಕು ಬಿಡುವುದು ಹೆಚ್ಚಾಗಿ ಇಲ್ಲೇ. ಅಂಚಿಗೆ ತೆಂಗಿನಕಾಯಿ ಒಡೆಯುವುದು, ಶುಂಠಿ ಜಜ್ಜುವುದು, ಬಲ್ಬು ಬದಲಿಸಲು ಕಟ್ಟೆ ಹತ್ತಿ ಸಿಂಕ್ ಪಕ್ಕ ನಿಲ್ಲುವುದು ಎಲ್ಲಕ್ಕೂ ಬೆಲೆ ತೆರುವುದು ಆ ಪಟ್ಟಿ. ಕಲ್ಲು ಬಿಸಿ ತಾಳುತ್ತದೆ, ಆದರೆ ತಣ್ಣಗಿನ ಕಲ್ಲಿನ ಒಂದೇ ಜಾಗಕ್ಕೆ ಥಟ್ಟನೆ ಬಿಸಿ ತಗುಲಿದರೆ ಅಡಗಿದ್ದ ಬಿರುಕು ಬಾಯಿಬಿಡಬಹುದು. ಕುಕ್ಕರ್ ಇಳಿಸಲು ಒಂದು ಮಣೆ ಇಟ್ಟುಕೊಳ್ಳಿ.

ಕಟ್ಟೆಯೂ ಗೋಡೆಯ ಟೈಲ್ಸೂ ಸೇರುವ ಸಂದಿನ ಸಿಲಿಕೋನ್ ಕಪ್ಪಾಗಿದ್ದರೆ, ಕಿತ್ತಿದ್ದರೆ ಬದಲಿಸಿ. ಅಲ್ಲಿ ಇಳಿದ ನೀರು ಕಲ್ಲನ್ನು ಕೆಳಗಿನಿಂದ ತೇವವಾಗಿಡುತ್ತದೆ. ಮೇಲೆ ಎಷ್ಟು ಸೀಲರ್ ಹಚ್ಚಿದರೂ ವ್ಯರ್ಥ.

> ಕತ್ತರಿಸುವವರ ಉಸಿರು
>
> ಕಲ್ಲು ಕತ್ತರಿಸುವಾಗ ಏಳುವ ದೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತು ತರುವ ಸಿಲಿಕೋಸಿಸ್ ವಾಸಿಯಾಗದ ರೋಗ. 1948ರ ಕಾರ್ಖಾನೆ ಕಾಯ್ದೆಯ ಔದ್ಯೋಗಿಕ ರೋಗಗಳ ಪಟ್ಟಿಯಲ್ಲೇ ಅದೂ ಸೇರಿತ್ತು. ಕೃತಕ ಕ್ವಾರ್ಟ್ಜ್ ಹಲಗೆಗಳಲ್ಲಿ ಸಿಲಿಕಾ ಶೇ 90ಕ್ಕೂ ಹೆಚ್ಚಿರಬಹುದು. ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅವನ್ನು ನಿಷೇಧಿಸಿದೆ. ಗ್ರಾನೈಟ್‌ನಲ್ಲಿ ಅದಕ್ಕಿಂತ ಕಡಿಮೆ, ಆದರೆ ಇಲ್ಲವೆಂದಲ್ಲ. ನಿಮ್ಮ ಮನೆಯಲ್ಲಿ ಕಟಿಂಗ್ ನಡೆಯುವ ದಿನ ನೀರಿನ ಪೈಪ್ ಕೊಡಿ, ಒಣ ಕಟಿಂಗ್ ಬೇಡವೆನ್ನಿ, ಒಳ್ಳೆಯ ಮಾಸ್ಕ್ ತರಿಸಿಕೊಡಿ.

ಕಲ್ಲಿಗೂ ಒಂದು ದಾಖಲೆ

ಮನೆ ಕೈಗೆ ಬರುವಾಗ ಬಿಲ್ಡರ್ ಕೊಡುವ ಕಡತದಲ್ಲಿ ನಲ್ಲಿ ಯಾವ ಕಂಪನಿಯದ್ದು, ಸ್ವಿಚ್ ಯಾವುದು, ಪೇಂಟಿನ ನಂಬರ್ ಏನು ಎಲ್ಲವೂ ಇರುತ್ತದೆ. ಮನೆಯಲ್ಲಿ ಅತ್ಯಂತ ಹೆಚ್ಚು ಬಳಕೆಯಾಗುವ ಕಲ್ಲಿನ ಬಗ್ಗೆ ‘ಗ್ರಾನೈಟ್’ ಎಂಬ ಒಂದೇ ಪದ. ಅದು ಯಾವ ಕಲ್ಲು, ಎಲ್ಲಿಯದು, ಸೀಲ್ ಆಗಿದೆಯೇ, ಆಗಿದ್ದರೆ ಯಾವ ಸೀಲರ್, ಯಾವ ತಿಂಗಳು, ಒಂದಕ್ಕೂ ಉತ್ತರವಿಲ್ಲ. ಮುಂದೆ ಕಲೆ ತೆಗೆಯಲು ಬರುವವರು ಊಹೆಯ ಮೇಲೆ ಕೆಲಸ ಮಾಡಬೇಕು. ಊಹೆ ತಪ್ಪಿದಾಗ ಹಾಳಾಗುವುದು ಹಲಗೆ. ಮಾಡ್ಯುಲರ್ ಕಿಚನ್ ಬದಲಿಸುವ ಹುರುಪಿನಲ್ಲಿ ಕಿತ್ತು ಬಿಸಾಡುವ ಎಷ್ಟೋ ಹಲಗೆಗಳಿಗೆ ಬೇಕಿದ್ದದ್ದು ಒಂದು ಲೇಪ, ಒಂದು ಕೈ ಸೀಲರ್ ಮಾತ್ರ.

ಆದ್ದರಿಂದ ಕೇಳಿ, ಬರೆಸಿಕೊಳ್ಳಿ. ಹೊಸ ಮನೆಯಾದರೆ ಕೊನೆಯ ಕಂತು ಕೊಡುವ ಮೊದಲು ಕಲ್ಲಿನ ಹೆಸರು ಮತ್ತು ಸೀಲಿಂಗ್ ವಿವರ ಕಾಗದದ ಮೇಲೆ ಬರಲಿ. ಹಳೆಯ ಮನೆಯಾದರೆ ನೀರಿನ ಪರೀಕ್ಷೆಯ ಫಲಿತಾಂಶವನ್ನು ತಾರೀಖಿನೊಂದಿಗೆ ಗ್ಯಾಸ್ ಪುಸ್ತಕದ ಹಿಂಬದಿಯಲ್ಲಾದರೂ ಬರೆದಿಡಿ. ದಿನಕ್ಕೆ ಮೂರು ಹೊತ್ತು ನಾವು ಅನ್ನ ಬಸಿಯುವ, ಹೋಳಿಗೆ ಲಟ್ಟಿಸುವ ಜಾಗ ಅದು. ಅದರ ಬಗ್ಗೆ ಇಷ್ಟು ತಿಳಿದುಕೊಳ್ಳುವ ಹಕ್ಕು ಮನೆಯವರಿಗಿದೆ, ಹೇಳುವ ಹೊಣೆ ಮಾರಿದವರಿಗಿದೆ.